ಮೋತ್ಯಾನ ಹಲ್ಲು, ಫಕ್ಕೀರಪ್ಪಣ್ಣನ ತಲೆ

ನನಗೆ ಜನರ ಮುಖ ನೆನಪಿರುವುದಿಲ್ಲ, ತಲೆ ನೆನಪಿರುತ್ತದೆ. ಇದೊಂದು ರೋಗವೇ ಇರಬಹುದು. ಮದುವೆ ಮನೆಯಲ್ಲಿ ಯಾರೋ ಬಂದು ಕೈ ಹಿಡಿದು, "ಗುರ್ತ ಹತ್ತಲಿಲ್ಲೇನ್ರಿ?" ಎಂದು ಕೇಳುತ್ತಾರೆ. ನಾನು ಅವರ ಮೂಗು ಮೀಸೆ ಎಲ್ಲ ಬಿಟ್ಟು ಕಿವಿಯ ಮೇಲಿನ ಭಾಗವನ್ನು ನೋಡುತ್ತೇನೆ. 'ಇಪ್ಪತ್ತೆರಡು ಇಂಚು, ಹಿಂದೆ ಸ್ವಲ್ಪ ಚಪ್ಪಟೆ, ಕರಿ ಟೋಪಿ' ಎಂದು ಮನಸ್ಸು ಥಟ್ಟನೆ ಹೇಳುತ್ತದೆ. ಹೆಸರು ಮಾತ್ರ ಸತ್ತರೂ ಬರುವುದಿಲ್ಲ. "ಹತ್ತದ ಏನ್ರಿ, ಛಲೋ ಅದೀರಿ?" ಎಂದು ತೇಲಿಸಿ ಊಟದ ಸಾಲಿಗೆ ನುಗ್ಗುತ್ತೇನೆ.

ಹುಬ್ಬಳ್ಳಿಯ ಪೇಟೆಯಲ್ಲಿ ನಮ್ಮದು ಟೋಪಿ, ರುಮಾಲುಗಳ ಅಂಗಡಿ. ಅಜ್ಜ ಇಟ್ಟದ್ದು, ಅಪ್ಪ ನಡೆಸಿದ್ದು, ನಾನು ಉಳಿಸಿಕೊಂಡದ್ದು. ಊರಿಗೆಲ್ಲ ಟೋಪಿ ಹಾಕುವವನು ಎಂದು ಗೆಳೆಯರು ನಗುತ್ತಾರೆ; ಈ ಮಾತಿಗೆ ನಗುವುದನ್ನು ನಾನು ಮೂವತ್ತು ವರ್ಷಗಳ ಹಿಂದೆಯೇ ಬಿಟ್ಟಿದ್ದೇನೆ. ಟೋಪಿಯ ವ್ಯಾಪಾರ ಈಗ ಮೊದಲಿನಷ್ಟಿಲ್ಲ, ಆದರೆ ಲಗ್ನದ ರುಮಾಲಿಗೆ ಇನ್ನೂ ಮಾನ ಇದೆ. ಮದುಮಗನ ತಂದೆ, ಮದುಮಗಳ ತಂದೆ, ಸೋದರಮಾವ, ಇವರೆಲ್ಲ ಆ ಒಂದು ದಿನ ತಲೆಯ ಮೇಲೆ ರುಮಾಲು ಇಲ್ಲದೆ ಹಂದರದಲ್ಲಿ ನಿಲ್ಲುವುದಿಲ್ಲ. ಅರಿವೆ ಕೊಡುವುದಷ್ಟೇ ಅಲ್ಲ, ಬೇಕಾದವರ ಮನೆಗೆ ಹೋಗಿ ಸುತ್ತಿಯೂ ಬರುತ್ತೇನೆ. ಹೀಗಾಗಿ ನನ್ನ ಕೈಗೆ ಸಿಕ್ಕಷ್ಟು ತಲೆಗಳು ಯಾವ ಕ್ಷೌರಿಕನ ಕೈಗೂ ಸಿಕ್ಕಿರಲಾರವು. ಟೇಪು ಹಿಡಿಯದೆಯೇ ಗಿರಾಕಿ ಮೆಟ್ಟಿಲು ಹತ್ತುವಷ್ಟರಲ್ಲಿ ಅಳತೆ ಹೇಳಬಲ್ಲೆ. ಇದರ ಜಂಬ ನನಗೆ ಬಹಳ ಇತ್ತು. 'ಇತ್ತು' ಎಂದು ಯಾಕೆ ಬರೆದೆ ಎಂಬುದೇ ಇಲ್ಲಿಯ ಕತೆ.

ಈ ಚಟ ಮನುಷ್ಯರಿಗೇ ನಿಲ್ಲಲಿಲ್ಲ. ರಸ್ತೆಯಲ್ಲಿ ಹೋಗುವ ನಾಯಿ ಬೆಕ್ಕುಗಳ ತಲೆಯನ್ನೂ ನಾನು ಮನಸ್ಸಿನಲ್ಲೇ ಅಳೆಯುತ್ತೇನೆ. ನೀವೂ ಒಮ್ಮೆ ನೋಡಿ. ನಾಯಿಗಳಲ್ಲಿ ಇರುವಷ್ಟು ತರಹದ ತಲೆ ಮತ್ತಾವ ಪ್ರಾಣಿಯಲ್ಲೂ ಇಲ್ಲ. ಮುಧೋಳದ ನಾಯಿಯದು ಉದ್ದ, ಸಪೂರ. ಹಣೆಯಿಂದ ಮೂಗಿನ ತನಕ ಒಂದೇ ಇಳಿಜಾರು, ಟೋಪಿ ಇಟ್ಟರೆ ನೇರವಾಗಿ ಮೂಗಿನ ಮೇಲೆ ಬಂದು ಕೂತೀತು. ಶ್ರೀಮಂತರ ಕಾರಿನ ಕಿಟಕಿಯಲ್ಲಿ ಕಾಣುವ ಚಪ್ಪಟೆ ಮೂಗಿನ ನಾಯಿಗೆ ಮುಖವೇ ಇಲ್ಲ. ಯಾರೋ ಬಾಗಿಲಿನ ಸಂದಿಗೆ ಸಿಕ್ಕಿಸಿದ ಹಾಗೆ ಒಳಗೆ ಹೋಗಿಬಿಟ್ಟಿದೆ, ಪಾಪ, ಉಸಿರಾಡಲಿಕ್ಕೂ ಗೊರಗೊರ ಎನ್ನುತ್ತದೆ. ನಾಯಿಗಳಿಗಾಗಿ ಟೋಪಿ ಅಂಗಡಿ ಇಟ್ಟರೆ ಸೈಜುಗಳನ್ನು ಜೋಡಿಸಲಿಕ್ಕೆ ಮಾಳಿಗೆ ಸಾಲದು. ಬೆಕ್ಕಿನ ಜಾತಿ ಹಾಗಲ್ಲ. ಅಲ್ಲೊಂದು ಇಲ್ಲೊಂದು ಚಪ್ಪಟೆ ಮುಖದ ಪರದೇಶಿ ಬಿಟ್ಟರೆ ಊರ ಬೆಕ್ಕುಗಳಿಗೆಲ್ಲ ಹೆಚ್ಚುಕಡಿಮೆ ಒಂದೇ ಅಳತೆ. ದುಂಡು ತಲೆ, ಗಿಡ್ಡ ದವಡೆ, ಆ ಸಣ್ಣ ಬುರುಡೆಯಲ್ಲಿ ಅರ್ಧ ಜಾಗ ತಿಂದ ದೊಡ್ಡ ಕಣ್ಣು. ಒಂದೇ ಸೈಜಿನ ಮಾಲು ತರಿಸಿದರೆ ಸಾಕು. ಆದರೆ ಯಾವ ಬೆಕ್ಕೂ ಟೋಪಿ ಹಾಕಿಸಿಕೊಳ್ಳುವುದಿಲ್ಲ ಎಂಬುದು ಬೇರೆ ಮಾತು.

ನಮ್ಮ ಮನೆ ನವನಗರದಲ್ಲಿದೆ. ಮನೆಯ ನಾಯಿ ಮೋತ್ಯಾ. ಎಂಟು ವರ್ಷದ ಹಿಂದೆ ಗೇಟಿನ ಮುಂದೆ ಬಂದು ಕುಳಿತದ್ದು, 'ಹೋಗು' ಎಂದಾಗ ಒಳಗೆ ಬಂದಿತು. ಅದರದು ಉದ್ದವೂ ಅಲ್ಲದ ಗಿಡ್ಡವೂ ಅಲ್ಲದ ಮಧ್ಯಮ ವರ್ಗದ ತಲೆ. ಹಿಂದಲೆಯಲ್ಲಿ ಒಂದು ಎಲುಬಿನ ಗಂಟು ಎದ್ದು ಕಾಣುತ್ತದೆ. ಎಲ್ಲ ನಾಯಿಗಳಿಗೂ ಅದು ಇರುತ್ತದಂತೆ, ಕತ್ತಿನ ಸ್ನಾಯುಗಳಿಗೆ ಅದೇ ಗೂಟ. ಆದರೆ ನನ್ನ ಹೆಂಡತಿ ಸುಶೀಲಾ ಅದನ್ನು 'ಬುದ್ಧಿ ಗಂಟು' ಎನ್ನುತ್ತಾಳೆ, ಅದು ನನಗಿಲ್ಲ ಎಂದೂ ಸೇರಿಸುತ್ತಾಳೆ.

ಪಕ್ಕದ ಮನೆಯಲ್ಲಿ ಬೆಕ್ಕು. ಅದರ ಹೆಸರು ಚಂಪಿ, ಮನೆಯ ಯಜಮಾನರ ಹೆಸರು ಫಕ್ಕೀರಪ್ಪ. ರೈಲು ಗಾಡಿಯಲ್ಲಿ ಗಾರ್ಡ್ ಆಗಿ ನಿವೃತ್ತರಾದವರು, ನನಗಿಂತ ನಾಲ್ಕು ವರ್ಷ ದೊಡ್ಡವರು, ಹಾಗಾಗಿ ನನಗೆ ಅಣ್ಣಾರು. ಅವರ ಒಬ್ಬಳೇ ಮಗಳು ಕಸ್ತೂರಿ. ಹದಿನೆಂಟು ವರ್ಷದಿಂದ ನಮ್ಮಿಬ್ಬರ ಮಧ್ಯೆ ಎದೆಮಟ್ಟದ ಒಂದು ಕಂಪೌಂಡ್ ಗೋಡೆ, ಅದರ ಮೇಲೆ ದಿನಾ ಬೆಳಿಗ್ಗೆ ಒಂದು ಪದ್ಧತಿ: ಪೇಪರು ನಮ್ಮದು, ಚಹಾ ಅವರದು. ನಾನು ಮೊದಲ ಪುಟ ಓದಿ ಆಚೆ ದಾಟಿಸುವುದು, ಅವರು ಎರಡು ಕಪ್ಪು ಗೋಡೆಯ ಮೇಲೆ ಇಡುವುದು. ಗಾರ್ಡ್ ಆಗಿದ್ದವರಲ್ಲವೆ, ಏಳು ಗಂಟೆ ಎಂದರೆ ಏಳೇ. "ಟೋಪಿ ಸಾವಕಾರ್ರ, ಇವತ್ತ ಎರಡ ಮಿನಿಟ ಲೇಟ್ ಅದೀರಿ," ಎಂದು ಗಡಿಯಾರ ತೋರಿಸುವರು. ಅವರ ತಲೆ ಇಪ್ಪತ್ತಮೂರೂವರೆ ಇಂಚು. ನಮ್ಮ ಓಣಿಯಲ್ಲೇ ದೊಡ್ಡದು. "ಕಸ್ತೂರಿ ಲಗ್ನದಾಗ ನನ್ನ ತಲಿಗೆ ರುಮಾಲ ನೀವ ಸುತ್ತಬೇಕ್ರಿ. ಬ್ಯಾರೆ ಯಾರ ಕೈ ಹತ್ತಗೊಡೂದಿಲ್ಲ," ಎಂದು ಆ ಹುಡುಗಿ ಲಂಗ ಹಾಕಿಕೊಂಡು ಸಾಲೆಗೆ ಹೋಗುತ್ತಿದ್ದ ಕಾಲದಿಂದಲೂ ಹೇಳುತ್ತ ಬಂದಿದ್ದರು.

ಈಗ ಚಂಪಿಯ ವಿಷಯ. ಅದು ನನ್ನ ಕಸುಬಿನದೇ ಪ್ರಾಣಿ. ನಮ್ಮ ಗೇಟಿನ ಸರಳುಗಳ ಸಂದಿಗೆ ಮೊದಲು ಮುಖ ಒಯ್ಯುತ್ತದೆ, ಮೀಸೆ ಎರಡೂ ಕಡೆ ಮುಟ್ಟಿತೋ ಇಲ್ಲವೋ ನೋಡುತ್ತದೆ. ಮೀಸೆಯ ಅಗಲವೂ ಮೈಯ ಅಗಲವೂ ಹೆಚ್ಚುಕಡಿಮೆ ಒಂದೇ ಇರುವುದರಿಂದ ಮೀಸೆ ತೂರಿದರೆ ಮೈ ತೂರಿದಂತೆ. ಆ ಮೀಸೆಯ ಒಂದೊಂದು ಕೂದಲಿನ ಬುಡದಲ್ಲೂ ನರಗಳ ಗೊಂಚಲೇ ಇದೆಯಂತೆ. ದೇವರು ಬೆಕ್ಕಿಗೆ ಟೇಪನ್ನು ಮುಖದ ಮೇಲೆಯೇ ಹೊಲಿದು ಕಳಿಸಿದ್ದಾನೆ. ನಾನು ಕೊರಳಿಗೆ ಹಾಕಿಕೊಂಡು ತಿರುಗುತ್ತೇನೆ, ಅಷ್ಟೇ ವ್ಯತ್ಯಾಸ.

ಕಳೆದ ಮುಂಗಾರಿನಲ್ಲಿ ಮೋತ್ಯಾ ಚಂಪಿಯನ್ನು ಅಟ್ಟಿಸಿಕೊಂಡು ಹೋಗಿ ಪೇರಲ ಗಿಡ ಹತ್ತಿಸಿತು. ಚಂಪಿ ಎರಡು ತಾಸು ಕೆಳಗೆ ಇಳಿಯಲಿಲ್ಲ. ಫಕ್ಕೀರಪ್ಪಣ್ಣ ನಿಚ್ಚಣಿಕೆ ಹಾಕಿ ಹತ್ತಿ, ಕೈಯೆಲ್ಲ ಪರಚಿಸಿಕೊಂಡು ಇಳಿಸಿದರು. ಸಿಟ್ಟು ಬಂದಿತ್ತು. "ಸಾವಕಾರ್ರ, ನಿಮ್ಮ ನಾಯಿಗೆ ಹೇಳಿ ಇಡ್ರಿ. ಇನ್ನೊಮ್ಮೆ ಹಿಂಗ ಮಾಡಿದ್ರ ಕಲ್ಲ ತಗೋತೇನಿ ನೋಡ್ರಿ," ಎಂದರು. ನಾನು ನಕ್ಕೆ. ಆ ಮಾತು ಮಾತ್ರ ತಲೆಯಲ್ಲಿ ಎಲ್ಲೋ ಕುಳಿತುಬಿಟ್ಟಿತು.

ಶ್ರಾವಣದಲ್ಲಿ ಒಂದು ಬೆಳಿಗ್ಗೆ ನೋಡುತ್ತೇನೆ, ಮೋತ್ಯಾನ ಎಡಗಣ್ಣಿನ ಕೆಳಗೆ ಬಾವು. ಮರುದಿನ ಅದು ಒಡೆದು ಕೀವು, ರಕ್ತ. ಕಣ್ಣು ಅರ್ಧ ಮುಚ್ಚಿತ್ತು. ಮೋತ್ಯಾ ದಿನವಿಡೀ ಕುಳಿತುಕೊಳ್ಳುವುದು ಗೇಟಿನ ಒಳಗೆ, ರಸ್ತೆಗೆ ಮುಖ ಮಾಡಿ. ಹಾಗೆ ಕುಳಿತಾಗ ಅದರ ಎಡಗೆನ್ನೆ ಯಾವ ಕಡೆಗೆ ಇರುತ್ತದೆ? ಫಕ್ಕೀರಪ್ಪಣ್ಣನ ಗೋಡೆಯ ಕಡೆಗೆ. ಇನ್ನೇನು ಬೇಕು ಸಾಕ್ಷಿ? ಅಷ್ಟು ಸಾಲದೆಂಬಂತೆ, "ಯಾರ ಹೊಡದಾರೋ ಮೋತ್ಯಾ?" ಎಂದು ಕೇಳಿದಾಗ ಅದು ಹುಬ್ಬಿನ ಒಳತುದಿಯನ್ನು ಮೇಲೆತ್ತಿ, ಕಣ್ಣಿನ ಬಿಳಿ ಕಾಣುವ ಹಾಗೆ ನನ್ನನ್ನು ನೋಡಿ, ಆಮೇಲೆ ಆ ಗೋಡೆಯ ಕಡೆ ನೋಡಿತು. ಕೋರ್ಟಿನಲ್ಲಾದರೆ ಅಷ್ಟಕ್ಕೇ ತೀರ್ಪು ಬರೆಯುತ್ತಿದ್ದರು.

ಸುಶೀಲಾ ಮಾತ್ರ ಒಪ್ಪಲಿಲ್ಲ. "ಅಣ್ಣಾರು ಕಲ್ಲ ಒಗಿಯೂ ಪೈಕಿ ಅಲ್ರೀ. ಇರವಿ ಮ್ಯಾಲ ಕಾಲ ಇಡೂದಿಲ್ಲ ಆ ಮನಷ್ಯಾ."

"ಬಾಯಿಲೆ ಅಂದಾರಲ್ಲ, ಕಲ್ಲ ತಗೋತೇನಿ ಅಂತ!"

"ನೀವು ದಿನಾ ಅಂಗಡಿ ಮಾರಿ ಕಾಶಿಗೆ ಹೋಗತೇನಿ ಅಂತೀರಿ. ಯಾವಾಗರೆ ಹೋಗೀರೇನು?"

ನಾನು ಅಂಗಳಕ್ಕೆ ಹೋದೆ. ಗೋಡೆಯ ಆಚೆ ಫಕ್ಕೀರಪ್ಪಣ್ಣ ಎರಡು ಕಪ್ಪು ಹಿಡಿದು ಬರುತ್ತಿದ್ದರು. ಏಳು ಗಂಟೆಯಾಗಿತ್ತು. ನಾನು ಅವರ ಮುಖ ನೋಡಲಿಲ್ಲ. ಓಣಿಗೆಲ್ಲ ಕೇಳುವ ಹಾಗೆ, ಗಾಳಿಗೆ ಹೇಳಿದಂತೆ ಹೇಳಿದೆ: "ಬಾಯಿ ಇಲ್ಲದ ಪ್ರಾಣಿಗೆ ಕಲ್ಲ ಒಗದವರ ಕೈಯಾಗ ಹುಳಾ ಬೀಳಲಿ!"

ಅವರು ನಿಂತರು. ಮೋತ್ಯಾನನ್ನು ನೋಡಿದರು, ನನ್ನನ್ನು ನೋಡಿದರು. ಏನೋ ಹೇಳಲಿಕ್ಕೆ ಬಾಯಿ ತೆರೆದು ಮುಚ್ಚಿದರು. ಕಪ್ಪುಗಳ ಸಮೇತ ಹಾಗೆಯೇ ಒಳಗೆ ಹೋದರು. ನೋಡಿ, ತಪ್ಪಿಲ್ಲದವನಾದರೆ ಸುಮ್ಮನಿರುತ್ತಿದ್ದನೆ, ಜಗಳಕ್ಕೆ ಬರುತ್ತಿರಲಿಲ್ಲವೆ ಎಂದು ನಾನು ಆ ಮೌನವನ್ನೂ ಸಾಕ್ಷಿಯ ಗಂಟಿಗೆ ಕಟ್ಟಿದೆ.

ಗಾಯಕ್ಕೆ ಔಷಧಿ ಅಂಗಡಿಯವನು ಕೊಟ್ಟ ಕಣ್ಣಿನ ಹನಿ ಹಾಕಿದೆವು, ಅರಿಶಿನ ಹಚ್ಚಿದೆವು, ಗುಳಿಗೆ ಕೊಟ್ಟೆವು. ಹತ್ತು ದಿನಕ್ಕೆ ಒಣಗಿತು. ತಿಂಗಳು ತುಂಬುವಷ್ಟರಲ್ಲಿ ಅದೇ ಜಾಗದಲ್ಲಿ ಮತ್ತೆ ಬಾವು, ಮತ್ತೆ ಕೀವು. ಮತ್ತೆ ಕಲ್ಲು ಒಗೆದರು ಎಂದು ನಾನು ತೀರ್ಮಾನಿಸಿದೆ. ಮೂರನೆಯ ಸಲ ಬಂದಾಗಲೂ ಅದೇ ತೀರ್ಮಾನ. ಅರವತ್ತೇಳು ವರ್ಷದ, ಕನ್ನಡಕದ ಮನುಷ್ಯ ಮೂರು ಸಲವೂ ಅದೇ ಜಾಗಕ್ಕೆ ಗುರಿ ಇಟ್ಟು ಹೊಡೆಯಬಲ್ಲನೆ ಎಂಬ ಪ್ರಶ್ನೆ ನನಗೆ ಹೊಳೆಯಲೇ ಇಲ್ಲ. ದ್ವೇಷಕ್ಕೆ ಲೆಕ್ಕ ಬರುವುದಿಲ್ಲ ನೋಡಿ.

ಏಳು ಗಂಟೆಗೆ ಗೋಡೆ ಖಾಲಿಯಾಯಿತು. ಕೆಲವು ದಿನಗಳಲ್ಲಿ ಪೇಪರಿನವನು ಅವರ ಗೇಟಿನಲ್ಲೂ ಒಂದು ಪೇಪರು ಸಿಕ್ಕಿಸಿ ಹೋಗುವುದು ಕಂಡಿತು. ಗೋಡೆಯ ಈಚೆ ಒಂದು, ಆಚೆ ಒಂದು, ಎರಡರಲ್ಲೂ ಅದೇ ಸುದ್ದಿ. ದಸರಾ ಬಂತು. ಬನ್ನಿ ಮುಡಿಯುವ ದಿನ ನಮ್ಮ ಕಡೆ ವೈರಿಗೂ ಬನ್ನಿ ಕೊಟ್ಟು 'ಬಂಗಾರದಂಗ ಇರೋಣು' ಎನ್ನುತ್ತಾರೆ. ನಾನು ಓಣಿಯ ಎಲ್ಲ ಮನೆಗೂ ಹೋದೆ, ಆ ಒಂದು ಮನೆ ಬಿಟ್ಟು. ತಿರುಗಿ ಬರುವಾಗ ಕಿಸೆಯಲ್ಲಿ ನಾಲ್ಕು ಎಲೆ ಉಳಿದಿದ್ದವು. ಅವನ್ನು ಎಲ್ಲಿ ಇಡಬೇಕೆಂದು ತಿಳಿಯದೆ ಕಿಸೆಯಲ್ಲೇ ಬಿಟ್ಟೆ. ಖರೇ ಹೇಳುತ್ತೇನೆ, ಆ ದಿನ ನನಗೆ ಊಟ ಸೇರಲಿಲ್ಲ.

ಚಂಪಿಗೆ ಮಾತ್ರ ಈ ಜಗಳದ ಸುದ್ದಿ ಮುಟ್ಟಿರಲಿಲ್ಲ. ದಿನಾ ಗೇಟಿಗೆ ಮೀಸೆ ಹಿಡಿದು ಅಳೆದು ಬಂದು, ನಮ್ಮ ಅಡಿಗೆ ಮನೆಯ ಕಿಟಕಿಯಲ್ಲಿ ಕುಳಿತು ಸುಶೀಲಾಳಿಂದ ಹಾಲು ಕುಡಿದು ಹೋಗುತ್ತಿತ್ತು. ಮೋತ್ಯಾ ಒಂದು ಕಣ್ಣಿನಿಂದ ನೋಡುತ್ತ ಬಿದ್ದಿರುತ್ತಿತ್ತು. ಅಟ್ಟಿಸಿಕೊಂಡು ಹೋಗುವ ಹುರುಪೂ ಅದಕ್ಕೆ ಉಳಿದಿರಲಿಲ್ಲ.

ತುಳಸಿ ಲಗ್ನಕ್ಕೆ ವಾರ ಮೊದಲು ಕಸ್ತೂರಿ ತನ್ನ ಲಗ್ನಪತ್ರಿಕೆ ಹಿಡಿದು ಬಂದಳು. ತಾನೇ ಬಂದಳು, ಒಬ್ಬಳೇ. ಕುಂಕುಮ ಅಕ್ಷತೆ ಹಿಡಿದು ಹಿರಿಯರು ಬರಬೇಕಾದ ಕೆಲಸ ಅದು. "ಅಪ್ಪಾಜಿಗೆ ಮೊಣಕಾಲ ಭಾಳ ಹಿಡದಾವ ಕಾಕಾ, ಅದಕ್ಕ ನಾನ ಬಂದೆ," ಎಂದಳು. ಅವರ ಬಾಗಿಲಿಂದ ನಮ್ಮ ಬಾಗಿಲಿಗೆ ಇಪ್ಪತ್ತು ಹೆಜ್ಜೆ. ಹುಡುಗಿಯ ಕಣ್ಣಲ್ಲಿ ನೀರು ಇತ್ತು. ನಾನು ಪತ್ರಿಕೆಯ ಮೇಲಿನ ಗಣಪತಿಯ ತಲೆಯನ್ನೇ ನೋಡುತ್ತ ನಿಂತೆ. ಆಕೆ ಹೋದ ಮೇಲೆ ಸುಶೀಲಾ, "ರುಮಾಲ ಬ್ಯಾರೆ ಅಂಗಡ್ಯಾಗ ತಂದಾರಂತ. ಹೊಲಿದು ತಯಾರ ಮಾಡಿದ್ದು. ಆತಲ್ಲ, ಸಮಾಧಾನ?" ಎಂದು ಪಾತ್ರೆ ಕುಕ್ಕಿದಳು. ಸಮಾಧಾನ ಎಲ್ಲಿಯದು! ಹದಿನೆಂಟು ವರ್ಷ ಕಾಯ್ದಿಟ್ಟ ತಲೆ ಪರರ ಪಾಲಾಯಿತು ಎಂದು ಎದೆ ಉರಿಯಿತು. ತಪ್ಪು ಅವರದು, ಉರಿಯುವುದು ನನಗೆ ಯಾಕೆ ಎಂದು ಇನ್ನಷ್ಟು ಸಿಟ್ಟು ಬಂತು.

ತುಳಸಿ ಲಗ್ನ ಮುಗಿಯಿತು, ಕಸ್ತೂರಿಯ ಲಗ್ನಕ್ಕೆ ಐದು ದಿನ ಉಳಿದವು. ಆಗ ನಾಲ್ಕನೆಯ ಬಾವು. ಈ ಸಲ ಮೋತ್ಯಾ ರೊಟ್ಟಿಯನ್ನೂ ಮುಟ್ಟಲಿಲ್ಲ, ಹಾಲಿನಲ್ಲಿ ನೆನೆಸಿಕೊಟ್ಟರೂ ಮುಖ ತಿರುಗಿಸಿತು. ಕಣ್ಣು ಹೋಗಿಯೇಬಿಡುತ್ತದೆ ಎಂದು ಹೆದರಿ ಧಾರವಾಡದ ಒಬ್ಬ ನಾಯಿ ಡಾಕ್ಟರರಲ್ಲಿಗೆ ಒಯ್ದೆ. ಚಿಕ್ಕ ವಯಸ್ಸಿನ ಹೆಣ್ಣುಮಗಳು. ನಾನು ಕಲ್ಲಿನ ಕತೆ ಶುರು ಮಾಡಿದೆ, ಗೋಡೆಯ ದಿಕ್ಕನ್ನೂ ಕೈಮಾಡಿ ತೋರಿಸಿದೆ. ಆಕೆ ಕೇಳುತ್ತ ಕೇಳುತ್ತಲೇ ಮೋತ್ಯಾನ ತುಟಿಯನ್ನು ಎರಡು ಬೆರಳಲ್ಲಿ ಮೇಲೆತ್ತಿದರು.

"ಇದರ ಬಾಯಿ ಯಾವಾಗರೆ ನೋಡೀರೇನ್ರಿ?"

"ಗಾಯ ಕಣ್ಣಿಂದಲ್ರಿ ಮೇಡಂ?"

"ಅಲ್ರಿ. ಇದು ಹಲ್ಲಿಂದು."

ನನಗೆ ನಂಬಿಕೆ ಬರಲಿಲ್ಲ. ಆಕೆ ಕಪಾಟಿನಿಂದ ಒಂದು ನಾಯಿಯ ಬುರುಡೆ, ಒಂದು ಬೆಕ್ಕಿನ ಬುರುಡೆ ತೆಗೆದು ಮೇಜಿನ ಮೇಲಿಟ್ಟರು. ಮೂವತ್ತು ವರ್ಷ ತಲೆಯ ವ್ಯವಹಾರ ಮಾಡಿದವನು ನಾನು. ಅರಿವೆ, ಕೂದಲು, ಚರ್ಮ ಇಲ್ಲದ ತಲೆಯನ್ನು ಕೈಯಲ್ಲಿ ಹಿಡಿದದ್ದು ಅದೇ ಮೊದಲು. ಎಷ್ಟು ಹಗುರ! ಹೊರಗಿನಿಂದ ತುಂಬಿದ ಕೊಡದ ಹಾಗೆ ಕಾಣುವ ನಾಯಿಯ ತಲೆಯಲ್ಲಿ ಮಿದುಳಿನ ಕೋಣೆ ಒಂದು ನಿಂಬೆಹಣ್ಣಿಗಿಂತ ಸ್ವಲ್ಪ ದೊಡ್ಡದು, ಅಷ್ಟೇ. ಉಳಿದದ್ದೆಲ್ಲ ಮೂಗಿನ ಓಣಿ, ದವಡೆ, ದವಡೆಯ ಸ್ನಾಯು ಹಿಡಿಯುವ ಏಣುಗಳು. ನಾವು 'ದೊಡ್ಡ ತಲೆ' ಎನ್ನುವುದು ಬಹುಪಾಲು ಕಚ್ಚುವ ಸಾಮಾನು. ಕಣ್ಣಿನ ಗುಳಿ ನೋಡಿದೆ. ನಮ್ಮ ಬುರುಡೆಯಲ್ಲಿ ಅದಕ್ಕೆ ಸುತ್ತಲೂ ಎಲುಬಿನ ಗೋಡೆ ಇದೆ. ನಾಯಿಗೂ ಬೆಕ್ಕಿಗೂ ಅದು ಪೂರ್ತಿ ಇಲ್ಲ, ಹಿಂದೆ ಕಂಪೌಂಡ್ ಬಿದ್ದ ಮನೆಯ ಹಾಗೆ ತೆರೆದಿದೆ, ಜೀವ ಇರುವಾಗ ಅಲ್ಲಿ ಬರೀ ಒಂದು ನಾರಿನ ಪಟ್ಟಿ ಇರುತ್ತದಂತೆ. ದವಡೆ ಮೇಲೆ ಕೆಳಗೆ ಮಾತ್ರ ಆಡುತ್ತದೆ, ಎಮ್ಮೆಯ ಹಾಗೆ ಆಚೀಚೆ ಆಡಿಸಿ ಮೆಲುಕು ಹಾಕುವ ಹಾಗಿಲ್ಲ. ನಾಯಿಗೆ ನಲವತ್ತೆರಡು ಹಲ್ಲು, ಬೆಕ್ಕಿಗೆ ಮೂವತ್ತು, ನಮಗೆ ಮೂವತ್ತೆರಡು. ಹಲ್ಲಿನ ಲೆಕ್ಕದಲ್ಲಿ ನಾವು ಬೆಕ್ಕಿನ ನೆಂಟರು.

"ಇದನ್ನ ನೋಡ್ರಿ," ಎಂದು ಡಾಕ್ಟರು ಮೇಲಿನ ಸಾಲಿನಲ್ಲಿ ಎಲ್ಲಕ್ಕಿಂತ ದೊಡ್ಡ ಹಲ್ಲು ತೋರಿಸಿದರು. ಅದು ಕೆಳಗಿನ ಹಲ್ಲಿನ ಹೊರಮೈಗೆ ಉಜ್ಜಿಕೊಂಡು ಇಳಿಯುತ್ತದೆ, ಥೇಟ್ ನನ್ನ ಅಂಗಡಿಯ ಅರಿವೆ ಕತ್ತರಿ. ಆ ಹಲ್ಲಿಗೆ ಮೂರು ಬೇರು. ಬೇರುಗಳು ಮೇಲೆ ಹೋಗಿ ನಿಲ್ಲುವುದು ಎಲ್ಲಿ? ಸರಿಯಾಗಿ ಕಣ್ಣಿನ ಕೆಳಗೆ, ತೆಳ್ಳಗಿನ ಎಲುಬಿನ ಹಿಂದೆ. ಹಲ್ಲು ಬಿರುಕು ಬಿಟ್ಟರೆ ಬೇರಿಗೆ ಕೀವು, ಬೇರಿನ ಕೀವಿಗೆ ಹೊರಗೆ ಬರಲು ಹತ್ತಿರದ ಬಾಗಿಲು ಕಣ್ಣಿನ ಕೆಳಗಿನ ಚರ್ಮ. ಗುಳಿಗೆ ಕೊಟ್ಟಾಗ ಒಣಗುತ್ತದೆ, ಬಿಟ್ಟಾಗ ತಿರುಗಿ ಬರುತ್ತದೆ.

"ಭಾಳ ಮಂದಿ ಹಿಂಗ ಕಣ್ಣಿಗೆ ಹನಿ ಹಾಕ್ಕೋತ ಕುಂದರತಾರ್ರಿ. ಎಲುಬ ಕಡೀತೈತೇನ್ರಿ ಇದು?"

"ಛೇ ಛೇ! ನಮ್ಮ ಮನ್ಯಾಗ ಅದೆಲ್ಲ ನಡಿಯೂದಿಲ್ರಿ."

"ಮತ್ತ ಕಲ್ಲು? ಕಬ್ಬಿಣ? ಏನರೆ ಗಟ್ಟಿಂದು ಕಡಿದಿರಬೇಕಲ್ರಿ."

ಈಗ ತಪ್ಪೊಪ್ಪಿಗೆ. ನಮ್ಮ ಮನೆಯಲ್ಲಿ ಸೋಮವಾರಕ್ಕೊಂದು, ಅಂಗಡಿಯಲ್ಲಿ ಅಮಾವಾಸ್ಯೆಗೊಂದು ಕಾಯಿ ಒಡೆಯುತ್ತೇವೆ. ನಾಯಿ ಎಂದ ಮೇಲೆ ಏನಾದರೂ ಕಡಿಯಬೇಕಲ್ಲ, ಎಲುಬು ಕೊಡುವ ಹಾಗಿಲ್ಲವಲ್ಲ ಎಂದು ಯೋಚಿಸಿ, ಕಾಯಿಯ ಚಿಪ್ಪನ್ನು ಮೋತ್ಯಾನಿಗೆ ಕೊಡುವ ಉಪಾಯ ಕಂಡುಹಿಡಿದವನು ನಾನೇ. ಅದಕ್ಕೆ 'ಶಾಕಾಹಾರಿ ಎಲುಬು' ಎಂದು ಹೆಸರನ್ನೂ ಇಟ್ಟಿದ್ದೆ. ಮಠಕ್ಕೆ ಹೋದಾಗ, ಅಂಗಡಿಗೆ ಬಂದವರಿಗೆ, ಎಲ್ಲರಿಗೂ ಈ ಶೋಧವನ್ನು ಹೇಳಿ ಹೊಗಳಿಸಿಕೊಂಡಿದ್ದೆ. ಒಬ್ಬರು ಮಾತ್ರ ಹೊಗಳಿರಲಿಲ್ಲ. "ಸಾವಕಾರ್ರ, ಆ ಕಟಕಟ ಸಪ್ಪಳಕ್ಕ ಇಲ್ಲೆ ನನ್ನ ಹಲ್ಲ ಜುಮ್ ಅಂತಾವ್ರಿ. ಬ್ಯಾಡ್ರಿ ಅದು," ಎಂದಿದ್ದರು, ಗೋಡೆಯ ಆಚೆಯಿಂದ.

ಚಿಪ್ಪಿನ ಸಂಗತಿ ಹೇಳಿದೆ. ಡಾಕ್ಟರು ನಗಲಿಲ್ಲ, ಅದೇ ಪುಣ್ಯ. "ಹೆಬ್ಬೆರಳಿನ ಉಗುರು ಒತ್ತಿದ್ರ ಗುರ್ತ ಬೀಳದಂಥಾದ್ದು ಯಾವುದನ್ನೂ ಕಡಿಯಾಕ ಕೊಡಬ್ಯಾಡ್ರಿ," ಎಂದರು. ಹಲ್ಲು ಕೀಳಬೇಕು, ಕಣ್ಣಿಗೆ ಏನೂ ಆಗಿಲ್ಲ. ನಾನು ಕುರ್ಚಿಯಲ್ಲಿ ಕುಳಿತು, ಹಾಗಾದರೆ ಅದು ನನ್ನನ್ನು ಹುಬ್ಬು ಎತ್ತಿ ನೋಡಿದ್ದು, ಗೋಡೆಯನ್ನು ತೋರಿಸಿದ್ದು ಯಾಕೆ ಎಂದು ಕೇಳಿದೆ. ಆಗ ಆಕೆ ನಕ್ಕರು. ನಾಯಿಯ ಹುಬ್ಬಿನ ಒಳತುದಿಯಲ್ಲಿ ಒಂದು ಸಣ್ಣ ಸ್ನಾಯು ಇದೆಯಂತೆ. ಅದರ ಮೂಲಪುರುಷ ತೋಳಕ್ಕೆ ಅದು ಇಲ್ಲವೆನ್ನುವಷ್ಟು ಕಡಿಮೆ. ಮನುಷ್ಯನ ಜೊತೆ ಬಾಳಿ ಬಾಳಿ ನಾಯಿಗೆ ಬಂದ ಆಸ್ತಿ. ಹಸಿವಾದರೂ ಎತ್ತುತ್ತದೆ, ಬೇಸರವಾದರೂ ಎತ್ತುತ್ತದೆ, ಸುಮ್ಮನೆ ಕಣ್ಣು ಆ ಕಡೆ ಹೊರಳಿಸಿದರೂ ಏಳುತ್ತದೆ. ನೋಡಿದವನು ತನಗೆ ಬೇಕಾದ ಅರ್ಥ ಹಚ್ಚಿಕೊಳ್ಳುತ್ತಾನೆ. ಅಂದರೆ ಒಂದು ದಾರದಷ್ಟು ಸ್ನಾಯುವಿನ ಸಾಕ್ಷಿ ನಂಬಿ ನಾನು ಮೂರೂವರೆ ತಿಂಗಳು ಒಬ್ಬ ದೊಡ್ಡ ಮನುಷ್ಯನ ಚಹಾ ಬಿಟ್ಟಿದ್ದೆ.

ಮರುದಿನ ಮೋತ್ಯಾನಿಗೆ ಎಚ್ಚರ ತಪ್ಪಿಸುವ ಔಷಧ ಕೊಟ್ಟು ಹಲ್ಲು ಕಿತ್ತರು. ಕಿತ್ತ ಹಲ್ಲನ್ನು ನಾನು ಬೇಡಿ ತೆಗೆದುಕೊಂಡೆ. ಸಣ್ಣ ಡಬ್ಬಿಯಲ್ಲಿ ಹಾಕಿಕೊಟ್ಟರು. ಮೂರು ಬೇರು, ಮೇಲೆ ಅಡ್ಡಲಾಗಿ ಒಂದು ಚಕ್ಕೆ ಎದ್ದು ಹೋಗಿದೆ. ಎರಡು ದಿನದಲ್ಲಿ ಮೋತ್ಯಾ ರೊಟ್ಟಿ ತಿಂದಿತು, ಅದೂ ಹಾಲಿನಲ್ಲಿ ನೆನೆಸಿದ್ದು. ನನ್ನದು ಮಾತ್ರ ಒಂದೇ ಕೆಲಸ. ಡಬ್ಬಿಯನ್ನು ಕಿಸೆಯಲ್ಲಿ ಇಟ್ಟುಕೊಂಡು ಗೇಟಿನ ತನಕ ಹೋಗುವುದು, ತಿರುಗಿ ಬರುವುದು. ಸುಶೀಲಾ ನೋಡಿ ನೋಡಿ, "ಓಣಿ ತುಂಬ ಕೇಳೂಹಂಗ ಬೈಲಿಕ್ಕೆ ಬಂತು. ಇಪ್ಪತ್ತ ಹೆಜ್ಜಿ ಹೋಗಲಿಕ್ಕೆ ಬರೂದಿಲ್ಲೇನು?" ಎಂದಳು.

ಲಗ್ನದ ಮುನ್ನಾದಿನ ಬೆಳಿಗ್ಗೆ ಹೋದೆ. ಅಂಗಳದಲ್ಲಿ ಹಂದರ ಹಾಕಿದ್ದರು, ಒಳಗೆ ಹೆಂಗಸರ ಗದ್ದಲ. ಫಕ್ಕೀರಪ್ಪಣ್ಣ ಹೊರಗಿನ ಕೋಣೆಯಲ್ಲಿ ಕನ್ನಡಿಯ ಮುಂದೆ ಒಬ್ಬರೇ ನಿಂತಿದ್ದರು. ತಲೆಯ ಮೇಲೆ ಆ ಸಿದ್ಧ ರುಮಾಲು. ಒತ್ತಿ ಒತ್ತಿ ಕೂರಿಸುತ್ತಿದ್ದರು, ಅದು ಮತ್ತೆ ಮತ್ತೆ ಮೇಲೇಳುತ್ತಿತ್ತು. ಕನ್ನಡಿಯಲ್ಲಿ ನನ್ನನ್ನು ನೋಡಿದರು. ಕೈ ನಿಂತಿತು. ನಾನು ನಾಲ್ಕು ದಿನ ತಯಾರು ಮಾಡಿದ ಕ್ಷಮೆಯ ಮಾತೆಲ್ಲ ಮರೆತುಹೋಯಿತು. ಬಾಯಿಂದ ಬಂದದ್ದು ಇಷ್ಟೇ:

"ಅಣ್ಣಾರ, ಅದು ಇಪ್ಪತ್ತೆರಡರದ್ದು. ನಿಮ್ಮ ತಲಿ ಇಪ್ಪತ್ತಮೂರೂವರಿ."

ನಾನು ಡಬ್ಬಿ ತೆರೆದು ಹಲ್ಲನ್ನು ಅವರ ಅಂಗೈಯಲ್ಲಿ ಇಟ್ಟೆ. ಕಣ್ಣು, ಬೇರು, ಚಿಪ್ಪು, ಎಲ್ಲ ಹೇಳಿದೆ. "ತಪ್ಪು ನಂದ್ರಿ ಅಣ್ಣಾರ. ನಿಮ್ಮ ಕೈಗೆ ಹುಳಾ ಬೀಳಲಿ ಅಂದೆ. ನನ್ನ ನಾಲಿಗಿಗೆ ಬೀಳಬೇಕಿತ್ತು," ಎಂದೆ. ಅವರು ಕನ್ನಡಕ ಏರಿಸಿ ಹಲ್ಲನ್ನು ಹೊರಳಿಸಿ ಹೊರಳಿಸಿ ನೋಡಿದರು. "ಎಪ್ಪಾ, ಇಷ್ಟ ಉದ್ದ ಬೇರೇನ್ರಿ! ಎಷ್ಟ ನೋವಾಗಿರಬೇಕು ಅದಕ್ಕ," ಎಂದರು. ಆಮೇಲೆ ಆ ಸಿದ್ಧ ರುಮಾಲನ್ನು ತೆಗೆದು ಕಿಟಕಿಯಲ್ಲಿಟ್ಟು, ಕುರ್ಚಿ ಎಳೆದುಕೊಂಡು, ನನ್ನ ಕಡೆ ಬೆನ್ನು ಮಾಡಿ ಕುಳಿತರು.

ಸುಶೀಲಾ ಮೊದಲೇ ಯೋಚನೆ ಮಾಡಿದ್ದಳು. ನನ್ನ ಬಗಲ ಚೀಲದಲ್ಲಿ ಅಂಗಡಿಯ ಒಳ್ಳೆಯ ಅರಿವೆ ಮಡಚಿ ಇಟ್ಟಿದ್ದಳು. ಕಸ್ತೂರಿಯನ್ನು ಕರೆದು ಒಂದು ತುದಿ ಹಿಡಿಯಲು ಹೇಳಿದೆ. ರುಮಾಲು ಸುತ್ತುವಾಗ ಮೊದಲು ತಲೆಯನ್ನು ಎರಡೂ ಕೈಯಲ್ಲಿ ಹಿಡಿದು ನೇರ ಮಾಡಬೇಕು. ಹಿಡಿದೆ. ಬಿಸಿಯಾಗಿತ್ತು. ಎರಡು ಸುತ್ತು ಹಾಕಿದೆ. ಮೂರನೆಯದಕ್ಕೆ ಅವರೇ ಬಾಯಿ ತೆರೆದರು.

"ಸಾವಕಾರ್ರ, ಒಂದ ಮಾತ ಹೇಳತೇನಿ. ನೀವು ಬೈದ ಹಿಂದಿನ ದಿನ ನಾನು ಕಲ್ಲ ತಗೊಂಡಿದ್ನಿ. ಖರೇ. ಮೋತ್ಯಾ ಮತ್ತ ಚಂಪಿನ್ನ ಬೆನ್ನ ಹತ್ತಿತ್ತು, ಸಿಟ್ಟಿನ ಭರಕ್ಕ ತಗೊಂಡ್ನಿ. ಒಗೀಲಿಲ್ಲ. ಆದ್ರ ಕೈಯಾಗ ಕಲ್ಲ ಇತ್ತು. ಅದಕ್ಕ ನೀವು ಅಂದಾಗ ನನಗ ಬಾಯಿ ಬರಲಿಲ್ಲ."

"ಯಾಕ ಒಗೀಲಿಲ್ರಿ?" ಎಂದು ಕೇಳಿದೆ.

"ಏನ ಮಾಡಲಿ," ಎಂದರು ಫಕ್ಕೀರಪ್ಪಣ್ಣ. "ಹುಬ್ಬ ಮ್ಯಾಲ ಮಾಡಿ ನನ್ನ ಮಾರಿ ನೋಡತ್ರಿ ಅದು."

ಆ ಒಂದೇ ದಾರದಷ್ಟು ಸ್ನಾಯು! ನನ್ನ ಬಾಯಿ ಬಿಡಿಸಿದ್ದೂ ಅದೇ, ಅವರ ಕೈ ತಡೆದದ್ದೂ ಅದೇ. ಅವರ ತಲೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನಿಂತೆ. ಇಪ್ಪತ್ತಮೂರೂವರೆ ಇಂಚು ಎಂದು ಹದಿನೆಂಟು ವರ್ಷದಿಂದ ಬಾಯಿಪಾಠ ಮಾಡಿದ್ದ ತಲೆ ಅದು. ಅದರೊಳಗೆ, ಒಗೆಯದ ಒಂದು ಕಲ್ಲಿಗಾಗಿ, ಈ ಮನುಷ್ಯ ಮೂರೂವರೆ ತಿಂಗಳು ನನ್ನ ಬೈಗುಳವನ್ನು ಸುಮ್ಮನೆ ಹೊತ್ತುಕೊಂಡು ಕುಳಿತಿದ್ದ. "ಕಾಕಾ, ಅರಿವಿ ಸಡ್ಲ ಆಗಾಕತ್ತೇತಿ," ಎಂದಳು ಕಸ್ತೂರಿ. ಕಣ್ಣು ಒರೆಸಿಕೊಂಡು ಬಿಗಿ ಮಾಡಿದೆ. ರುಮಾಲು ಎಂದೂ ಕುಳಿತಿರದಷ್ಟು ಛಲೋ ಕುಳಿತಿತು. ನಾಳೆ ಮತ್ತೆ ಸುತ್ತಲಿಕ್ಕೆ ಅದನ್ನು ಈಗ ಬಿಚ್ಚಬೇಕಲ್ಲ ಎಂದು ನಮಗೆ ಮೂವರಿಗೂ ಸಂಕಟವಾಯಿತು.

ಲಗ್ನ ಸಾಂಗವಾಗಿ ಆಯಿತು. ಈಗ ಏಳು ಗಂಟೆಗೆ ಗೋಡೆಯ ಮೇಲೆ ಎರಡು ಕಪ್ಪು ಬರುತ್ತವೆ, ಚಂಪಿ ಅಳೆದು ಈ ಕಡೆ ಬರುತ್ತದೆ, ಮೋತ್ಯಾ ನಲವತ್ತೊಂದು ಹಲ್ಲಿನಲ್ಲಿ ಸುಖವಾಗಿದೆ. ಸೋಮವಾರದ ಚಿಪ್ಪು ಬಚ್ಚಲ ಒಲೆಗೆ ಹೋಗುತ್ತದೆ. ಉಳಿದದ್ದು ಒಂದೇ ತಕರಾರು. ಎರಡು ಪೇಪರುಗಳಲ್ಲಿ ಒಂದನ್ನು ಬಿಡಿಸಬೇಕು. ನಂದು ಬಿಡಿಸುತ್ತೇನೆ ಎಂದು ನಾನು, ನಂದು ಬಿಡಿಸುತ್ತೇನೆ ಎಂದು ಅವರು. ಈ ಜಗಳ ಶುರುವಾಗಿ ಎರಡು ತಿಂಗಳಾಯಿತು, ಇಬ್ಬರೂ ಸೋಲುತ್ತಿಲ್ಲ. ಇಬ್ಬರಿಗೂ ದನಿ ಏರಿದಾಗ ಮೋತ್ಯಾ ತಲೆ ಎತ್ತಿ, ಹುಬ್ಬು ಏರಿಸಿ, ಮೊದಲು ನನ್ನನ್ನು, ಆಮೇಲೆ ಅವರನ್ನು ನೋಡುತ್ತದೆ. ಅದರ ಅರ್ಥ ಏನು ಎಂದು ನಾವಿಬ್ಬರೂ ಈಗ ಕೇಳುವುದಿಲ್ಲ.